ಹನುಮಸಾಗರದಿಂದ ಬಂದ ಕಾರ್ಡುಗಳು

ನನ್ನ ಊರಿನ ಹಳೆಯ ಫೋಟೊ ಒಂದೂ ನನ್ನ ಹತ್ತಿರ ಇಲ್ಲ. ಮೊಮ್ಮಕ್ಕಳು ಕೇಳಿದಾಗ ಹನ್ನೊಂದು ಟಪಾಲು ಕಾರ್ಡುಗಳನ್ನು ತೆಗೆದು ತೋರಿಸುತ್ತೇನೆ. ನಿಜಾಮ ಸರಕಾರದ ಕಾಲದ ಕಾರ್ಡುಗಳವು. ವಿಳಾಸದ ಬದಿಗೆ ಉರ್ದು ಅಚ್ಚು, ಹಿಂಬದಿಗೆ ನನ್ನ ಅವ್ವ ಮಸಿಯಲ್ಲಿ ತೆಗೆದ ಚಿತ್ರಗಳು.

ನಾನು ನಾಲ್ಕನೆಯ ತರಗತಿ ಮುಗಿಸಿದಾಗ ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ನಾಲ್ಕನೆಯದಕ್ಕಿಂತ ಮುಂದೆ ಹುಡುಗಿಯರಿಗೆ ಊರಲ್ಲಿ ಶಾಲೆ ಇರಲಿಲ್ಲ. ಮನೆಯ ಹಿರಿಯರಾದ ದೊಡ್ಡಪ್ಪ "ಓದಿದ್ದು ಸಾಕಾತು" ಎಂದರು. ಅವ್ವ ಬಿಡಲಿಲ್ಲ. ಅಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆ, ಕೊಪ್ಪಳದಲ್ಲಿದ್ದಳು. ಅವಳು ಊರಿಗೆ ಬಂದಾಗ ಅವ್ವ ಅವಳ ಎರಡೂ ಕೈ ಹಿಡಿದುಕೊಂಡು ಹೇಳಿದ್ದು ನನಗೆ ಇನ್ನೂ ನೆನಪಿದೆ.

"ಅಕ್ಕಾರ, ಇಕಿನ್ನ ನಿಮ್ಮ ಮನ್ಯಾಗ ಇಟಗೊಂಡು ಸಾಲಿಗೆ ಹಚ್ಚರಿ. ನನಗ ಓದಾಕ ಬರೂದಿಲ್ಲ. ಮಂದಿ ಓದಿ ಹೇಳಿದ್ದನ್ನ ಖರೆ ಅನಕೊಂಡ ಇಷ್ಟ ದಿನ ಕಳದೀನಿ. ಇಕಿ ಹಂಗ ಆಗೂದು ಬ್ಯಾಡ."

ಅತ್ತೆ ಒಪ್ಪಿಕೊಂಡಳು. ಚಕ್ಕಡಿಯಲ್ಲಿ ಕುಷ್ಟಗಿಗೆ, ಅಲ್ಲಿಂದ ಮೋಟಾರಿನಲ್ಲಿ ಕೊಪ್ಪಳಕ್ಕೆ ಹೋದೆವು. ಯುದ್ಧದ ವರ್ಷಗಳವು, ಮೋಟಾರು ಇದ್ದಿಲಿನಿಂದ ಓಡುತ್ತಿತ್ತು, ಏರು ಬಂದಲ್ಲಿ ಗಂಡಸರೆಲ್ಲ ಇಳಿದು ನೂಕುತ್ತಿದ್ದರು.

ಅವ್ವನ ಮೊದಲ ಕಾರ್ಡು ಹದಿನೈದು ದಿನಕ್ಕೆ ಬಂತು. ವಿಳಾಸ ದೊಡ್ಡಪ್ಪನ ಕೈಬರಹ. ಹಿಂದೆ ಒಂದು ಅಕ್ಷರವೂ ಇಲ್ಲ, ಒಂದು ಎಮ್ಮೆ, ಅದರ ಪಕ್ಕದಲ್ಲಿ ಕಾಲು ಮಡಚಿ ಮಲಗಿದ ಕರು. ನಮ್ಮ ಎಮ್ಮೆ ಈದಿತ್ತು! ಮಗಳಿಗೆ ಹೇಳಬೇಕಾದ್ದನ್ನು ಇನ್ನೊಬ್ಬರೆದುರು ಕೂತು ಬರೆಸಲು ಅವ್ವನಿಗೆ ಮನಸ್ಸಿರಲಿಲ್ಲ. ರಂಗೋಲಿಯಲ್ಲಿ ಪಳಗಿದ ಕೈ, ಕಸಬರಿಗೆಯ ಕಡ್ಡಿಯನ್ನು ಮಸಿಯಲ್ಲಿ ಅದ್ದಿ ತಾನೇ ಚಿತ್ರ ತೆಗೆದು ಕಳಿಸಿದ್ದಳು.

ಹೀಗೆ ತಿಂಗಳಿಗೊಮ್ಮೆ ಊರು ನನ್ನ ಹತ್ತಿರ ಬರತೊಡಗಿತು. ಗುಡ್ಡ, ಅದರ ಮೇಲಿನ ಗುಡಿ, ಗುಡಿಗೆ ಏರುವ ಪಾವಟಿಗೆಯ ಮೇಲೆ ಆಡುಗಳು. ನೇಕಾರ ಓಣಿಯಲ್ಲಿ ಮಗ್ಗದ ಕುಣಿಗೆ ಕಾಲು ಇಳಿಬಿಟ್ಟು ಕೂತ ಮುದುಕ. ಬಾವಿಯ ಗಡಗಡಿ, ಅದರ ಸುತ್ತ ಆರು ಹೆಂಗಸರು. ಯಾರು ಯಾರೆಂದು ಸೆರಗು ಹೊದ್ದ ರೀತಿಯಿಂದಲೇ ಗೊತ್ತಾಗುತ್ತಿತ್ತು. ಸಂತೆಯಲ್ಲಿ ಬಳೆ ಮಾರುವವಳ ಹತ್ತಿರ ಜಗಳ ತೆಗೆದ ಆಯಿಯ, ಅಂದರೆ ಅಪ್ಪನ ಅವ್ವನ, ಚಿತ್ರದಲ್ಲಿ ಬಾಯಿ ಎಷ್ಟು ದೊಡ್ಡದಾಗಿತ್ತೆಂದರೆ ಮುಖದಲ್ಲಿ ಬೇರೆ ಏನಕ್ಕೂ ಜಾಗವೇ ಉಳಿದಿರಲಿಲ್ಲ. ಅತ್ತೆಯ ಮನೆಯ ಹಿತ್ತಲಲ್ಲಿ ಕೂತು ಆ ಕಾರ್ಡು ನೋಡುತ್ತ ನಾನು ಒಬ್ಬಳೇ ನಗುತ್ತಿದ್ದೆ, ಆಮೇಲೆ ಅಳುತ್ತಿದ್ದೆ.

ಮರುವರ್ಷ ಬೇಸಿಗೆಯ ಸೂಟಿ ಶುರುವಾದಾಗ ಬಂದ ಕಾರ್ಡು ನಮ್ಮ ಎದೆ ಒಡೆಯಿತು. ಹೊರಸಿನ ಮೇಲೆ ಒಬ್ಬ ಹೆಂಗಸು ಮಲಗಿದ್ದಾಳೆ, ಸುತ್ತ ಮೂವರು ನಿಂತಿದ್ದಾರೆ. "ನಮ್ಮವ್ವ ಹೋದಳವ್ವಾ!" ಎಂದು ಅತ್ತೆ ಕುಸಿದು ಕೂತಳು. ಇಬ್ಬರೂ ಉಟ್ಟ ಬಟ್ಟೆಯಲ್ಲಿ ಹೊರಟೆವು. ದಾರಿಯುದ್ದಕ್ಕೂ ಅತ್ತು ಅತ್ತು ಊರು ಮುಟ್ಟಿದರೆ, ಆಯಿ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಶೇಂಗಾ ಸುಲಿಯುತ್ತಿದ್ದಳು. ಕಾರ್ಡಿನಲ್ಲಿದ್ದವಳು ಬಾಣಂತಿ, ಅಪ್ಪನ ತಮ್ಮನ ಹೆಂಡತಿ, ನಮ್ಮ ಚಿಕ್ಕಮ್ಮ! ಕೂಸು ಅವಳ ಸೆರಗಿನ ಒಳಗಿತ್ತಂತೆ.

ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಅವ್ವನೂ ನಕ್ಕಳು. ನನ್ನ ಊದಿದ ಮುಖ ನೋಡಿದೊಡನೆ ಅವಳ ನಗು ನಿಂತಿತು. ನನ್ನನ್ನು ಒಳಗೆ ಕರೆದುಕೊಂಡು ಹೋಗಿ, ಮುಖ ತೊಳೆಸಿ, ಕೇಳಿದಳು.

"ಅಕ್ಷರ ಕಲ್ಯಾಕ ಎಷ್ಟ ದಿನ ಬೇಕು?"

"ನನಗ ಒಂದ ವರ್ಷ ಬೇಕಾತು."

"ನನಗ ಅಷ್ಟ ಪುರಸೊತ್ತಿಲ್ಲ. ನಿನ್ನ ಸೂಟಿ ಮುಗಿಯೂದ್ರಾಗ ಕಲಸು."

ಆ ಬೇಸಿಗೆಯ ಸೂಟಿಯಿಡೀ, ಮಧ್ಯಾಹ್ನ ಊಟವಾಗಿ ಭಾಂಡೆ ತಿಕ್ಕಿದ ಮೇಲೆ, ಪಡಸಾಲೆಯಲ್ಲಿ ರಂಗೋಲಿ ಪುಡಿ ಹರವಿಕೊಂಡು ಅವ್ವ ಕೂತಳು. ಸುಣ್ಣ ಬಳಿದ ಗೋಡೆಯ ಮೇಲೆ ಇದ್ದಿಲಿನಿಂದ ನಾನು ಬರೆದ ಅಕ್ಷರಗಳನ್ನು ರೊಟ್ಟಿ ಬಡಿಯುವಾಗಲೂ ತಿರುಗಿ ತಿರುಗಿ ನೋಡುತ್ತಿದ್ದಳು. ಸ್ವರ, ವ್ಯಂಜನ, ಕಾಗುಣಿತ ಬಂದವು. ಒತ್ತಕ್ಷರ ಮಾತ್ರ ಬರಲೊಲ್ಲದು. ದೊಡ್ಡಪ್ಪ ಹಾದುಹೋಗುವಾಗ ನೋಡಿ, "ಈ ವಯಸ್ಸಿನ್ಯಾಗ ಓದಿ ತಹಸೀಲ್ದಾರ ಆಗ್ತಾಳೇನು?" ಎಂದು ನಕ್ಕರು. ಬಾವಿಕಟ್ಟೆಯಲ್ಲಿಯೂ ಅದೇ ಮಾತಾಯಿತು. ಅವ್ವ ಮರುದಿನವೂ ಪುಡಿ ಹರವಿಕೊಂಡು ಕೂತಳು. ನಾನು ಕೊಪ್ಪಳಕ್ಕೆ ಹೊರಡುವ ದಿನ ನನ್ನ ಪೆನ್ಸಿಲನ್ನು ಕೇಳಿ ಇಸಿದುಕೊಂಡಳು.

ಮಳೆಗಾಲ ಕಳೆದ ಮೇಲೆ ಅವ್ವನ ಹೆಸರಿನಲ್ಲಿ ಒಂದು ಕಾರ್ಡು ಬಂತು. ಚಿತ್ರವಿಲ್ಲ, ಎಲ್ಲ ದೊಡ್ಡಪ್ಪನ ದುಂಡು ಅಕ್ಷರ. "ನನಗ ಬ್ಯಾನಿ ಹೆಚ್ಚಾಗೈತಿ, ಸಾಲಿ ಬಿಟ್ಟು ಲಗೂನ ಬಾ" ಎಂದು ಬರೆದಿತ್ತು. ಮಲಗಿದವಳು ದೊಡ್ಡಪ್ಪನಿಂದ ಬರೆಸಿರಬೇಕು ಎಂದುಕೊಂಡೆ. ಎರಡು ದಿನಕ್ಕೆ ಕುಷ್ಟಗಿಯ ಮೋಟಾರು ಇತ್ತು. ಅತ್ತೆ ನನ್ನ ಟ್ರಂಕು ತುಂಬಿದಳು. ಶಾಲೆಯಲ್ಲಿ ಹೇಳಿ ಬಂದೆ.

ಮರುದಿನ ಟಪಾಲಿನವನು ಇನ್ನೊಂದು ಕಾರ್ಡು ಕೊಟ್ಟು ಹೋದ. ವಿಳಾಸವೂ ಪೆನ್ಸಿಲಿನದು, ಸೊಟ್ಟ ಸೊಟ್ಟ ಅಕ್ಷರ, ಒತ್ತು ಒಂದೂ ಇಲ್ಲ. ನಾನು ಗಟ್ಟಿಯಾಗಿ ಓದಿದೆ.

"ನನಗ ಬಾನಿ ಇಲ. ಬರಬಾಡ. ಸಾಲಿ ಮುಗಸಿ ಬಾ. ಇದು ನಾನ ಬರದದು."

ಕೆಳಗೆ, ನನಗೆ ನಂಬಿಕೆ ಬರಲೆಂದೋ ಏನೋ, ತಲೆಯ ಮೇಲೆ ಎರಡು ಕೊಡ ಹೊತ್ತು ನಡೆಯುವ ಹೆಂಗಸನ್ನು ತೆಗೆದಿದ್ದಳು.

ಅತ್ತೆ ಎರಡೂ ಕಾರ್ಡುಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದಳು. ಹಿಂದಿನ ದಿನದ ಕಾರ್ಡು ಬರೆದವರು ಅವಳ ಒಡಹುಟ್ಟಿದ ಅಣ್ಣ. "ನಿನ್ನ ಲಗ್ನ ಗೊತ್ತ ಮಾಡ್ಯಾನ ನೋಡು, ಅದಕ್ಕ ಕರಸಾಕತ್ಯಾನ" ಎಂದಳು. ಆಮೇಲೆ ಎದ್ದು ಟ್ರಂಕಿನ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಗೂಟಕ್ಕೆ ಹಾಕಿದಳು. "ಹಡದಾಕಿ ತನ್ನ ಕೈಲೆ ಬರದಾಳ. ಅಕಿ ಮಾತ ನಡೀಲಿ. ನಮ್ಮಣ್ಣಗ ನಾ ಹೇಳ್ತೀನಿ. ನೀ ನಾಳೆ ಸಾಲಿಗೆ ಹೋಗು."

ಅತ್ತೆಯ ಊಹೆ ನಿಜವಾಗಿತ್ತು. ಆದದ್ದನ್ನು ಅವ್ವ ಮುಂದಿನ ಸೂಟಿಯಲ್ಲಿ ಹೇಳಿದಳು. ದೊಡ್ಡಪ್ಪ ಕಾರ್ಡು ಬರೆದು ಗೋಡೆಯ ಮಾಡದಲ್ಲಿ ಇಟ್ಟಿದ್ದರು. ಅವ್ವ ಕಸ ಹೊಡೆಯುವಾಗ ಅದನ್ನು ಎತ್ತಿಕೊಂಡು ಒಂದೊಂದೇ ಅಕ್ಷರ ಕೂಡಿಸಿ, ಒತ್ತು ಬಂದಲ್ಲಿ ಊಹಿಸಿ ಓದಿದಳು. ಹರಿಯಲಿಲ್ಲ. ಹರಿದರೆ ಅವರು ಇನ್ನೊಂದು ಬರೆಯುತ್ತಿದ್ದರು. ಇದ್ದಲ್ಲೇ ಇಟ್ಟು, ತಾನೇ ಟಪಾಲಿನವನಿಂದ ಕಾರ್ಡು ಕೊಂಡು, ನೆಲದೊಳಗಿನ ಜೋಳದ ಹಗೇವಿಗೆ ಮುಚ್ಚಿದ ಕಲ್ಲಿನ ಮೇಲೆ ಕೂತು ಒಂದು ಇಡೀ ಮಧ್ಯಾಹ್ನ ಬರೆದಳು. ಆ ನಾಲ್ಕು ಮಾತು ಬರೆಯುವಷ್ಟರಲ್ಲಿ ಅಂದಿನ ಟಪಾಲು ಹೋಗಿಬಿಟ್ಟಿತ್ತು. ಅದಕ್ಕೇ ಒಂದು ದಿನ ತಡ.

ಅತ್ತೆಯ ಮಾತು ಮುಟ್ಟಿದ ದಿನ ದೊಡ್ಡಪ್ಪ ಪಡಸಾಲೆಯಲ್ಲಿ ಕೂಗಾಡಿದರಂತೆ. ಅಲ್ಲಿಯವರೆಗೆ ಅವ್ವ ಅವರೆದುರು ಬಾಯಿ ತೆಗೆದವಳಲ್ಲ. ಅಂದು ಬಾಗಿಲ ಹಿಂದೆಯೇ ನಿಂತು, ಸೆರಗು ತಲೆಯ ಮೇಲೆ ಎಳೆದುಕೊಂಡು ಹೇಳಿದಳು.

"ಭಾವಾರ, ಇನ್ನ ಮ್ಯಾಲೆ ನನ್ನ ಹೆಸರಿಲೆ ಪತ್ರ ಬರೀಬ್ಯಾಡ್ರಿ. ನನಗ ಬರ್ಯಾಕ ಬರತೈತ್ರಿ."

ದೊಡ್ಡಪ್ಪ ಎರಡು ವರ್ಷ ಅವ್ವನೊಡನೆ ಮಾತಾಡಲಿಲ್ಲ, ಅವಳು ಬಡಿಸಿದ್ದನ್ನು ಉಣ್ಣಲಿಲ್ಲ. ಚಿಕ್ಕಮ್ಮ ಬಡಿಸುತ್ತಿದ್ದಳು, ಅಡಿಗೆ ಮಾತ್ರ ಅವ್ವನದೇ. ಅವರು ಗೊತ್ತುಮಾಡಿದ್ದ ವರನಿಗೆ ಬೇರೆ ಕಡೆ ಲಗ್ನವಾಯಿತು. ನಾನು ಓದು ಮುಗಿಸಿ ಯಲಬುರ್ಗಾದ ಶಾಲೆಯಲ್ಲಿ ಶಿಕ್ಷಕಿಯಾದೆ. ಒತ್ತಕ್ಷರವನ್ನು ಅವ್ವ ಕಡೆಗೂ ಕಲಿತಳು, ನನ್ನ ಹತ್ತಿರ ಅಲ್ಲ, ಚಿಕ್ಕಮ್ಮನ ಆ ಕೂಸು ಶಾಲೆಗೆ ಹೋಗತೊಡಗಿದಾಗ ಅದರ ಪಾಟಿ ನೋಡಿಕೊಂಡು. ಅಷ್ಟರಲ್ಲಿ ಓಣಿಯ ಹೆಂಗಸರು ತವರಿಗೆ ಕಾಗದ ಬರೆಸಲು ಅವಳ ಹತ್ತಿರವೇ ಬರತೊಡಗಿದ್ದರು. ಬರೆದಾದ ಮೇಲೆ ಒಮ್ಮೆ ಗಟ್ಟಿಯಾಗಿ ಓದಿ, "ಇದ ಹೌದಲ್ಲ ನೀ ಹೇಳಿದ್ದು?" ಎಂದು ಕೇಳಿ, ಅವರು ಹೌದೆಂದ ಮೇಲೆಯೇ ಕೈಗೆ ಕೊಡುತ್ತಿದ್ದಳು.