ಮಾಸ್ತರು ತಂದ ಮಣ್ಣು

ಹೋದ ವಾರ ಬಾಗಲಕೋಟೆಯಿಂದ ಹುನಗುಂದದ ಕಡೆಗೆ ಬಸ್ಸಿನಲ್ಲಿ ಹೊರಟಿದ್ದೆ. ಕಿಟಕಿಯಿಂದ ಸುಟ್ಟ ಕೂಳೆಯ ವಾಸನೆ ಬಂತು. ಜೋಳ ಕೊಯ್ದ ಮೇಲೆ ಹೊಲದಲ್ಲಿ ಉಳಿದ ಬುಡಗಳನ್ನು ಯಾರೋ ಗುಂಪು ಹಾಕಿ ಬೆಂಕಿ ಇಟ್ಟಿದ್ದರು. ಆ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ಸಿಟ್ಟು ನೆತ್ತಿಗೇರುತ್ತದೆ. ಯಾರ ಮೇಲೆ ಅಂದರೆ, ಸಾಲೆಯಲ್ಲಿ ನಮಗೆ ವಿಜ್ಞಾನ ಕಲಿಸಿದ ಮಾಸ್ತರ ಮೇಲೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಆಡದೆ ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದೇ ಹೆಚ್ಚಾಯಿತು.

ನಮ್ಮದು ಕುರಿ ಕಾಯುವ ಮನೆತನ, ಬೀರಪ್ಪನ ಒಕ್ಕಲು. ಬೇಸಿಗೆಯಲ್ಲಿ ನಮ್ಮಪ್ಪ ಊರವರ ಎರೆಹೊಲಗಳಲ್ಲಿ ಕುರಿ ನಿಲ್ಲಿಸುತ್ತಿದ್ದ. ಹಿಂಡು ಒಂದು ಹೊಲದಲ್ಲಿ ನಾಲ್ಕು ದಿನ ತಂಗಿ ಎದ್ದರೆ ಆ ಭೂಮಿಗೆ ಬೇರೆ ಗೊಬ್ಬರದ ಚಿಂತೆ ಇರುತ್ತಿರಲಿಲ್ಲ. ಮಾಸ್ತರ ತಂದೆಯ ಕಾಲದಲ್ಲಿ ಪ್ರತಿ ವರ್ಷ ಮೊದಲ ಸರದಿ ಅವರ ಹೊಲದ್ದೇ. ಮಡಿ ಹುಡಿ ಅನ್ನುವ ಮುದುಕರು, ಆದರೂ ಹಿಂಡು ಬಂತೆಂದರೆ ತಾವೇ ಬದುವಿನ ತನಕ ನಡೆದು ಬರುತ್ತಿದ್ದರು.

ಎಂಟನೆಯ ತರಗತಿಯಲ್ಲಿ ಮಾಸ್ತರು ಹಲಗೆಯ ಮೇಲೆ ಇಂಗಾಲದ ಚಕ್ರ ಬರೆದರು. ಗಾಳಿಯಿಂದ ಎಲೆಗೆ ಒಂದು ಬಾಣ, ಎಲೆಯಿಂದ ಕುರಿಗೆ ಒಂದು, ಕುರಿಯ ಉಸಿರಿನಿಂದ ಮತ್ತೆ ಗಾಳಿಗೆ ಒಂದು. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ, ಅದನ್ನು ಇಲ್ಲ ಅನ್ನಲಾರೆ. ಕುರಿ ತಿಂದದ್ದೆಲ್ಲ ಉಸಿರಾಗಿ ಹೋಗುವುದಿಲ್ಲ ಎಂಬುದು ದಿನಾ ಮುಂಜಾನೆ ಹಿಂಡಿನ ಕೆಳಗಿನ ಹಿಕ್ಕೆ ಗುಡಿಸುತ್ತಿದ್ದ ನನಗೆ ಚೆನ್ನಾಗಿ ಗೊತ್ತಿತ್ತು. ಎದ್ದು ನಿಂತೆ.

“ಸರ್, ಕುರಿ ಹಿಕ್ಕಿ ಎಲ್ಲಿ ಹೋತ್ರಿ? ಮಣ್ಣಿಗೆ ಒಂದ್ ಬಾಣ ಬ್ಯಾಡೇನ್ರಿ?”

“ಹೊಲಸು ಮಾತು ಸಾಲ್ಯಾಗ ಆಡಬಾರದು. ಹೊರಗ ಹೋಗಿ ನಿಂದ್ರು, ಹಿಕ್ಕಿ.”

ತರಗತಿಯೆಲ್ಲ ಗೊಳ್ಳೆಂದಿತು. ಅಂದಿನಿಂದ ಸಾಲೆ ಬಿಡುವ ತನಕ ನನ್ನ ಹೆಸರು ಅದೇ. ಹಾಜರಿ ಕರೆಯುವಾಗಲೂ ಒಮ್ಮೊಮ್ಮೆ ಹಾಗೇ ಕರೆದು ತಾವೇ ನಗುತ್ತಿದ್ದರು. ತಂಗಿ ಸಾಲೆಗೆ ಬಂದಾಗ ಅವಳು ಹಿಕ್ಕಿಯ ತಂಗಿಯಾದಳು. ನಾಲ್ಕೇ ತಿಂಗಳಿಗೆ ಅವಳು ಪಾಟಿಚೀಲ ಮೂಲೆಗೆ ಒಗೆದು ಕುರಿಯ ಹಿಂದೆ ಹೋದಳು... ಅದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ.

ಮಾಸ್ತರ ತಂದೆ ತೀರಿಕೊಂಡ ವರ್ಷ ಅಪ್ಪ ಎಂದಿನಂತೆ ಹಿಂಡು ಹೊಡೆದುಕೊಂಡು ಹೋದ. ಮಾಸ್ತರು ಬದುವಿನ ಮೇಲೇ ತಡೆದರು. “ಬ್ಯಾಡೋ ಮಾರಾಯಾ, ಹೊಲ ಹೊಲಸಾಗ್ತದ. ಈಗ ಚೀಲದ ಗೊಬ್ಬರ ಬಂದದ.” ಆಮೇಲೆ ವರ್ಷಾ ವರ್ಷಾ ಚೀಲದ ಗೊಬ್ಬರ ಎರಚಿದರು, ಕೂಳೆ ಸುಟ್ಟರು. ಗಾಳಿಯಿಂದ ಬೆಳೆಗೆ ಬಂದದ್ದು ಮಣ್ಣಿಗೆ ಇಳಿಯದೆ ಹೊಗೆಯಾಗಿ ಗಾಳಿಗೇ ಹೋಯಿತು. ಹಲಗೆಯ ಮೇಲೆ ಬರೆದ ಹಾಗೇ ಒಕ್ಕಲುತನ ಮಾಡಿದ ಪುಣ್ಯಾತ್ಮ!

ನಾನು ಓದಿದ್ದು ಹಟಕ್ಕೆ. ಓದಿ, ಮಣ್ಣು ಪರೀಕ್ಷೆ ಮಾಡುವ ಕೆಲಸಕ್ಕೇ ಸೇರಿದೆ. ಮಣ್ಣಿಗೆ ಕಿತ್ತಳೆ ಬಣ್ಣದ ದ್ರಾವಣ ಹಾಕುತ್ತೇವೆ. ಇಂಗಾಲ ಹೆಚ್ಚಿದ್ದರೆ ಅದು ಹಸಿರಿಗೆ ತಿರುಗುತ್ತದೆ, ಇಲ್ಲದಿದ್ದರೆ ಕಿತ್ತಳೆಯಾಗೇ ಉಳಿಯುತ್ತದೆ. ಒಂದು ದಿನ ನಿವೃತ್ತರಾದ ಮಾಸ್ತರು ಕೈಚೀಲ ಹಿಡಿದು ನನ್ನ ಟೇಬಲಿನ ಮುಂದೆ ಬಂದು ನಿಂತರು.

“ಸಾಹೇಬರ, ಇಳುವರಿ ಬರವಲ್ದು. ಹೊಲದಾಗ ಜೀವ ಅದನೋ ಇಲ್ಲೋ, ನೋಡಿ ಹೇಳ್ರಿ.”

ಗುರುತು ಹಿಡಿದಂತೆ ಕಾಣಲಿಲ್ಲ. ನನ್ನ ಹೆಸರು ಕೆಡಿಸಿದವರಿಗೆ ನನ್ನ ಮುಖವೂ ನೆನಪಿಲ್ಲವೇ ಎಂದು ಮೈಯೆಲ್ಲ ಉರಿಯಿತು.

ಚೀಲ ಬಿಚ್ಚಿದರೆ ಪುಡಿ ಪುಡಿಯಾದ ಮಣ್ಣು, ಅದರಲ್ಲಿ ಸಗಣಿಯ ಚೂರು. ಅದು ಹೊಲದ್ದಲ್ಲ, ಹಿತ್ತಿಲ ತಿಪ್ಪೆಯ ಅಂಚಿನದು. ನಮ್ಮ ಕಡೆ ಇದು ಹೊಸದೇನಲ್ಲ. ಹೆಣ್ಣು ತೋರಿಸುವಾಗ ಒಳ್ಳೆಯ ಇಳಕಲ್ ಸೀರೆ ಉಡಿಸುವಂತೆ, ಪರೀಕ್ಷೆಗೆಂದರೆ ಜನ ಇದ್ದುದರಲ್ಲಿ ಚೆಂದದ ಮಣ್ಣು ತರುತ್ತಾರೆ. ಅಂಥವರನ್ನು ತಿರುಗಿ ಕಳಿಸಿ, ಹೊಲದಲ್ಲೇ ಹತ್ತು ಕಡೆ ಗೇಣುದ್ದ ಅಗೆದು ಬೆರೆಸಿ ತನ್ನಿ ಎಂದು ಹೇಳುವುದು ನನ್ನ ಕೆಲಸ. ಎಲ್ಲರಿಗೂ ಹೇಳುತ್ತಿದ್ದೆ. ಅವರಿಗೆ ಹೇಳಲಿಲ್ಲ.

ದ್ರಾವಣ ಹಸಿರಾಯಿತು. ಹಲಗೆಯ ಮೇಲೆ ಜಾಗ ಸಿಗದ ಸಗಣಿಯೇ ಅವರ ಮಾನ ಕಾಪಾಡಿತ್ತು. “ಇಂಗಾಲ ಹೆಚ್ಚು” ಎಂದು ಕಾರ್ಡಿನಲ್ಲಿ ಬರೆದು ಸಹಿ ಹಾಕಿದೆ. ಅವರು ಕಾರ್ಡನ್ನು ಕಣ್ಣಿಗೆ ಒತ್ತಿಕೊಂಡು ಹೋದರು. ಕೂಳೆ ಸುಡಲಿ, ಇನ್ನಷ್ಟು ಸುಡಲಿ ಎಂದು ನನಗೆ ಒಳಗೊಳಗೇ ಖುಷಿಯಾಯಿತು. ಅವತ್ತು ಊಟ ಕೂಡ ಎರಡು ತುತ್ತು ಹೆಚ್ಚೇ ಸೇರಿತು.

ಈ ವರ್ಷ ಅದೇ ಹೊಲದ ಮಣ್ಣು ಹಿಡಿದು ಬಂದದ್ದು ಅವರ ಮಗಳು. ಆಕೆಯೂ ಸಾಲೆಯಲ್ಲಿ ಟೀಚರ್. ಹೇಗೆ ತರಬೇಕೋ ಹಾಗೇ ತಂದಿದ್ದರು. ದ್ರಾವಣದ ಕಿತ್ತಳೆ ಬಣ್ಣ ಕದಲಲಿಲ್ಲ.

“ಅಪ್ಪಾ ಹೋಗೋತನಕ ಆ ಕಾರ್ಡ್ ಜ್ವಾಪಾನ ಇಟ್ಟಿದ್ರರಿ. ಹೊಲಕ್ಕ ಏನೂ ಆಗಿಲ್ಲ, ಬರದವ ನನ್ನ ಹುಡುಗ, ಸುಳ್ಳ ಬರಿಯೂದಿಲ್ಲ ಅಂತಿದ್ರು. ಅದು ತಪ್ಪಿತ್ತೇನ್ರಿ?”

ಅಂದರೆ ಗುರುತು ಹಿಡಿದಿದ್ದರು... ಹಿಡಿದೇ “ಸಾಹೇಬರ” ಅಂದಿದ್ದರು. ಇನ್ನೊಮ್ಮೆ ನೋಡಿ ಹೇಳುತ್ತೇನೆ ಎಂದು ಆಕೆಯನ್ನು ಕಳಿಸಿದೆ.

ಹೋದ ವಾರ ಬಸ್ಸು ಹತ್ತಿದ್ದು ಅದಕ್ಕೇ. ಅವರ ಮನೆಯ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದೆ. ಹಲಗೆಯದು, ಹೆಸರಿನದು, ತಂಗಿಯದು, ಕಾರ್ಡಿನದು. ಕೊನೆಗೆ, “ಇನ್ನರ ಹೊಲದಾಗ ಕುರಿ ನಿಲ್ಲಿಸ್ರಿ” ಎಂದೆ.

“ಯಾರ ಕುರಿ ರಿ? ನಿಮ್ಮಪ್ಪನ ಹಿಂಡು ಇನ್ನೂ ಅದ ಏನು?”

ಅಪ್ಪ ಹೋಗಿ ಬಹಳ ದಿನವಾಗಿತ್ತು. ಹಿಂಡನ್ನು ನಾನೇ ಮುಂದೆ ನಿಂತು ಮಾರಿಸಿದ್ದೆ. ಇಲ್ಲವೆಂದು ತಲೆಯಾಡಿಸಿದೆ. ಆಕೆ ನನ್ನ ಮುಖವನ್ನೇ ನೋಡಿದರು. ಬೈಯಲಿಲ್ಲ, ಅಳಲೂ ಇಲ್ಲ.

“ಅಪ್ಪನ ಕಡೆ ಕಲತದ್ದು ಒಂದೂ ಮರತಿಲ್ಲ ನೋಡ್ರಿ ನೀವು.”

ಮಣ್ಣಿಗೆ ಹೋಗುವ ಬಾಣವನ್ನು ಅವರು ಹಲಗೆಯ ಮೇಲೆ ಬಿಟ್ಟಿದ್ದರು, ನಾನು ಕಾರ್ಡಿನಲ್ಲಿ.