ಮೂರನೇ ಚರಣ ಹುಡುಕಿಕೊಂಡು ಪೀಣ್ಯಕ್ಕೆ

ಶನಿವಾರ ಬೆಳಿಗ್ಗೆ ಕುಂದಲಹಳ್ಳಿಯಲ್ಲಿ ಮೆಟ್ರೊ ಹತ್ತಿದಾಗ ನನ್ನ ಬಳಿ ಒಂದು ಗಿಟಾರು, ಎರಡು ಚರಣ ಇದ್ದವು. ಹಾಡಿಗಿದ್ದದ್ದು ಮೂರು. ಕಟ್ಟಿದವನು ನಾನೇ, ಮರೆತವನೂ ನಾನೇ. ನಮ್ಮ ರಾಕ್ ಬ್ಯಾಂಡಿನಲ್ಲಿ ಹಾಡನ್ನು ಬರೆದಿಡುವಂತಿರಲಿಲ್ಲ. ಕಾಗದಕ್ಕಿಳಿದ ಪ್ರಶ್ನೆ ಉತ್ತರದ ಹಾಗೆ ಕಾಣುತ್ತದೆ ಎಂದು ತತ್ತ್ವಶಾಸ್ತ್ರದ ಎಂ.ಎ. ಮುಗಿಸಿದ ಹುರುಪಿನಲ್ಲಿ ನಾನು ವಾದಿಸಿದ್ದೆ. ಉಳಿದಿಬ್ಬರು ಒಪ್ಪಿಯೂ ಬಿಟ್ಟಿದ್ದರು.

ಹಾಡುವ ಸುಮಂಗಲಾ ಮರುದಿನ ಬೆಳ್ಳಂದೂರಿನ ಮನೆ ಖಾಲಿ ಮಾಡಿ ರಾಣೆಬೆನ್ನೂರಿಗೆ ಹೊರಡುವವರಿದ್ದರು. ಅಂದೇ ರೆಕಾರ್ಡ್ ಆಗದಿದ್ದರೆ ಹಾಡು ಮೂವರ ತಲೆಯಲ್ಲೇ ಕೊಳೆತುಹೋಗುತ್ತಿತ್ತು.

ತೊಂಬತ್ತು ರೂಪಾಯಿ ಟಿಕೆಟ್, ಕೂರಲು ಜಾಗವಿಲ್ಲ. ಯಾರದೋ ಬ್ಯಾಗು ಮಂಡಿಗೆ ಬಡಿಯುತ್ತಿದ್ದಾಗಲೇ ಸುಮಂಗಲಾಗೆ ಫೋನ್ ಮಾಡಿದೆ.

"ಅಲ್ರೀ, ನಿಮ್ಮ ಹಾಡು ನೀವ ಮರ್ತ್ರ ನಾವ್ ಯಾರನ್ನ ಕೇಳ್ಬೇಕ್ರಿ? ಅದರಾಗ ದೀಪ ಇತ್ತು, ಅಷ್ಟ ಗೊತ್ತು."

ಡ್ರಮ್ಸ್ ಬಾರಿಸುವ ಕುಮಾರನಿಗೆ ಮಾಡಿದರೆ, "ದೀಪ ಎಲ್ಲಿಂದ ಬಂತು ಗುರು? ಹೊಳೆ ಇತ್ತು ಕಣೋ!" ಎಂದ.

ನಾನು ದೀಪ, ಹೊಳೆಗಳ ಕವಿಯಲ್ಲ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸುವಾಗ ಎರಡನ್ನೂ ಸೇರಿಸಿ ನೋಡಿದೆ, ಅಸಹ್ಯವಾಗಿತ್ತು.

ಪೀಣ್ಯದಲ್ಲಿ ಇಳಿದರೆ ಬಿಸಿಲು, ಧೂಳು, ಸುಟ್ಟ ಎಣ್ಣೆಯ ವಾಸನೆ. ತಟ್ಟೆ ಇಡ್ಲಿ ತಿಂದು ಆಟೊ ಹತ್ತಿದೆ. ರೆಕಾರ್ಡಿಂಗ್ ಇದ್ದದ್ದು ಕುಮಾರನ ಲೇತ್ ಶೆಡ್ಡಿನಲ್ಲಿ; ಅದಕ್ಕೆ ನೀಲಿ ಗೇಟು ಎಂದು ಆಟೊದವರಿಗೆ ಹೇಳಿದ್ದೆ. ಒಂದೇ ರಸ್ತೆಯನ್ನು ಮೂರು ಸಲ ಸುತ್ತಿದ ಮೇಲೆ ಆಟೊದವರು, "ಸಾರ್, ಹೋಗ್ಬೇಕಾಗಿರೋದು ಎಲ್ಲಿಗೆ ಅಂತ ನಿಮಗಾದ್ರೂ ಗೊತ್ತಾ?" ಎಂದರು. ಗೇಟು ಹಸಿರಾಗಿತ್ತು. ಯಾವತ್ತೂ ಹಸಿರೇ ಅಂತೆ.

ಆ ಸಿಟ್ಟಿನಲ್ಲೇ, ಗೇಟಿನ ಮುಂದೆ ನಿಂತಾಗ ನಾಲ್ಕು ಸಾಲು ಹುಟ್ಟಿದವು.

ಒಳಗೆ ಸುಮಂಗಲಾ ಆಗಲೇ ಬಂದು ಕೂತಿದ್ದರು. ಪಕ್ಕದ ಶೆಡ್ಡಿನಲ್ಲಿ ತಗಡು ಒತ್ತುವ ಪವರ್ ಪ್ರೆಸ್ ನೆಲ ನಡುಗಿಸುತ್ತಿತ್ತು. ಅದು ಊಟದ ಹೊತ್ತಿಗೆ ಅರ್ಧ ಗಂಟೆ ನಿಲ್ಲುತ್ತದೆ. ನಮಗೆ ಸಿಕ್ಕುವ ಸಮಯ ಅಷ್ಟೇ. ಸೈರನ್ ಆಯಿತು. ಕುಮಾರ ಮೈಕ್ ತಿರುಗಿಸಿ, "ಹೇಳು ಬೇಗ" ಎಂದ. ಹೇಳಿದೆ:

ಬಂದು ನಿಂತೆನು ಬಾಗಿಲ ಮುಂದೆ,
ಬಂದವನಿನ್ನೂ ದಾರಿಯಲಿ;
ತೆಗೆದವ ಕೇಳಿದ ನನ್ನದೇ ದನಿಯಲಿ:
ಯಾರನು ಹುಡುಕುವೆ ಊರಿನಲಿ?

"ಇದೇ!" ಎಂದು ಕುಮಾರ ಕೂಗಿದ. ಸುಮಂಗಲಾ ಕಣ್ಣೊರೆಸಿಕೊಂಡರು. "ಇದ ನೋಡ್ರಿ. ಅಕ್ಷರ ಸೈತ ಹಿಂಗ ಇತ್ತು."

"ಈಗ ತಾನೆ ಗೇಟಿನ ಹತ್ರ ಕಟ್ಟಿದ್ದು ಕಣ್ರೀ."

"ಬಿಡೋ ಮಗಾ! ಸರ್ಜಾಪುರದ ಶೋನಲ್ಲಿ ಜನ ಎಲ್ಲಾ ಜೊತೆಗೆ ಹಾಡಿರ್ಲಿಲ್ವಾ, 'ಬಂದವನಿನ್ನೂ ದಾರಿಯಲಿ' ಅಂತ?" ಎಂದ ಕುಮಾರ.

"ಮತ್ತೆ ನಿಮ್ಮ ದೀಪ, ಹೊಳೆ?"

"ಅವು ಬ್ಯಾರೆ ಹಾಡಿನ್ವು ಇರ್ಬೇಕು" ಎಂದರು ಸುಮಂಗಲಾ, ನಾಚಿಕೆಯಿಲ್ಲದೆ. "ಪ್ರೆಸ್ ಚಾಲೂ ಆಗೂದ್ರಾಗ ಹಾಡೂಣ್ರಿ. ಜಗಳ ಫೋನಿನ್ಯಾಗ ಆಡೂಣಂತ."

ಎರಡನೇ ಸಲಕ್ಕೆ ಸರಿಯಾಗಿ ಬಂತು. ಸುಮಂಗಲಾ ಕೊನೆಯ ಸಾಲಿನಲ್ಲಿ ಎಲ್ಲೂ ತಡವರಿಸಲಿಲ್ಲ. ವರ್ಷಗಟ್ಟಲೆ ಹಾಡಿದವರ ಹಾಗೆ ಉಸಿರು ತೆಗೆದುಕೊಂಡರು. ಅದೇ ನನ್ನನ್ನು ಕೆಣಕಿತು.

ವಾಪಸು ಬರುವಾಗ ಸೀಟು ಸಿಕ್ಕಿತು. ಈ ಸಾಲುಗಳು ಹಳೆಯವಲ್ಲ ಎನ್ನಲು ಪುರಾವೆಗಳನ್ನು ಒಂದೊಂದಾಗಿ ಜೋಡಿಸತೊಡಗಿದೆ. ಇಂದಿರಾನಗರದವರೆಗೆ ವಾದ ಗಟ್ಟಿಯಾಗಿಯೇ ಇತ್ತು. ಕುಂದಲಹಳ್ಳಿಯಲ್ಲಿ ಬಾಗಿಲು ತೆರೆಯುವ ಹೊತ್ತಿಗೆ, ಸರ್ಜಾಪುರದಲ್ಲಿ ಮುಂದಿನ ಸಾಲಿನ ಹೆಂಗಸೊಬ್ಬಳು ಕಣ್ಣು ಮುಚ್ಚಿ ಅದನ್ನೇ ಹಾಡುತ್ತಿದ್ದದ್ದು ನನಗೂ ಸ್ಪಷ್ಟವಾಗಿ ಕಾಣತೊಡಗಿತ್ತು.