ಗೌರವ್ವ ಕಾಕು ಹಾಡಿನ ನಡುವೆ ಮಾಡಿದ ನಿದ್ದೆ

ಗೆಳೆಯರೇ, ಇವತ್ತು ಬನಹಟ್ಟಿಯಲ್ಲಿ ನನ್ನ ಸಿಟ್ಟಿನ ಮಾನ ಹೋಯಿತು.

ಯೂಟ್ಯೂಬಿನಲ್ಲಿ ಹಾಡುಗಳನ್ನು ಬೈದು ನಗಿಸುವ ವಿಮರ್ಶಕನೊಬ್ಬನಿದ್ದಾನೆ. ನಮ್ಮ ಓಣಿಯ ನೇಕಾರ್ತಿ ಗೌರವ್ವ ಕಾಕು ಮಗ್ಗದ ಮೇಲೆ ಕೂತು ಹಾಡಿದ, ನಡುವೆ ಒಮ್ಮೆ ಹಾಡು ನಿಂತುಹೋಗುವ ವಿಡಿಯೊ ಅವನ ಕೈಗೆ ಸಿಕ್ಕಿದೆ. ‘ಹಾಡಿನ ನಡುವೆ ಅಜ್ಜಿ ಒಂದು ನಿದ್ದೆ ಮುಗಿಸಿ ಬಂದರು!’ ಎಂದು ಗೊರಕೆ ಹೊಡೆದು ತೋರಿಸಿದ. ಕೆಳಗೆಲ್ಲ ಜನರ ನಗು.

ದುಡಿಯುವವರ ದನಿಯನ್ನು ಗೇಲಿ ಮಾಡಲು ನೀನ್ಯಾರು ಎಂದು ಉದ್ದನೆಯ ಕಮೆಂಟು ಜಡಿದು ಕಾಕುವಿನ ಮನೆಗೆ ಹೋದೆ. ಬಿಸಿಲುಕೋಲಿನಲ್ಲಿ ಹತ್ತಿಯ ಧೂಳು ತೇಲುತ್ತಿತ್ತು. ಮಗ್ಗ ನಡೆದಿತ್ತು, ಹಾಡು ಇರಲಿಲ್ಲ. ಪಕ್ಕದಲ್ಲಿದ್ದ ಕಾಕುವಿನ ಫೋನಿನಲ್ಲಿ ಅದೇ ವಿಡಿಯೊ ನಿಂತಿತ್ತು.

‘ಆಗ ನೂಲಿನ ಎಳಿ ಹರದಿತ್ತೋ ತಮ್ಮಾ. ಗಂಟ ಹಾಕೂದ ಬಿಟ್ಟು ಹಾಡ್ಲೇನು?’ ಎಂದಳು ಕಾಕು.

‘ಇನ್ನ ಹಾಡೂದಽ ಇಲ್ಲೇನು ಕಾಕು?’ ಎಂದೆ.

ಪಕ್ಕದ ಮಗ್ಗದಿಂದ ಅವಳ ಮೈದುನ ಈರಣ್ಣ ಆ ವಿಮರ್ಶಕನಂತೆಯೇ ಜೋರಾಗಿ ಗೊರಕೆ ಹೊಡೆದ. ‘ಏಳ್ರೀ ವೈನಿ, ಬೆಳಗಾತು!’

ನಾನು ಹಲ್ಲು ಕಡಿದೆ. ಕಾಕು ಕಿಸಕ್ಕನೆ ನಕ್ಕಳು. ‘ನಿನ್ನ ಬಾಯಾಗ ಲಾಳಿ ತುರಕ್ತೀನಿ ನೋಡ’ ಎಂದು ಬೈದು ಹಾಡು ಎತ್ತಿದಳು. ಲಾಳಿಯ ಜೊತೆ ಹಾಡೂ ಅತ್ತಿತ್ತ ಓಡಾಡಿತು. ನನ್ನ ಕಣ್ಣು ತಾನಾಗಿ ಮುಚ್ಚಿತು. ಎಳೆ ಹರಿದಾಗ ಹಾಡು ನಿಂತಿತು. ಗಂಟು ಬಿದ್ದೊಡನೆ, ಬಿಟ್ಟ ಅಕ್ಷರದಿಂದಲೇ ಮತ್ತೆ ಎದ್ದಿತು.

ಮನೆಗೆ ಬಂದು ಫೋನು ನೋಡಿದೆ. ನನ್ನ ಕ್ರಾಂತಿಕಾರಿ ಕಮೆಂಟಿಗೆ ಒಂದೇ ಒಂದು ಉತ್ತರ ಬಂದಿತ್ತು: ಕಣ್ಣೀರು ಬರುವಂತೆ ನಗುವ ಮುಖ. ಕಳಿಸಿದವಳು ಗೌರವ್ವ ಕಾಕು.